ಮೂರನೆಯ ಉಸಿರು

ಪಿಯೆಕ್ಸಮಾಕಿಯಲ್ಲಿ ನಮ್ಮ ರೈಲು ಓಡುವುದು ನೆಲದಡಿಯಲ್ಲಿ,
ಬಾಂಬು ಬಿದ್ದರೆ ಅಡಗಲೆಂದು ಕಟ್ಟಿದ ಕೋಣೆಯಲ್ಲಿ.
ಬಾಂಬು ಬೀಳಲಿಲ್ಲ. ತುಕ್ಕು ಹಿಡಿದ ಸೈಕಲ್ಲುಗಳು ಬಂದವು,
ಆಮೇಲೆ ನಾವು, ನಮ್ಮ ಪ್ಲೈವುಡ್ಡು, ಪಾಚಿಯ ಕಾಡು,
ಬೆರಳಗಲದ ಹಳಿ.

ನಾನು ಇರ್ಯಾ. ಮೂವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವಳು.
ಈಗ ಎಂಜಿನ್ನುಗಳ ಹೊಟ್ಟೆ ಬಿಚ್ಚಿ
ಉಗುರಗಲದ ಚಿಪ್ ಕೂರಿಸುತ್ತೇನೆ,
ಸಕ್ಕರೆ ತುಂಡಿನಷ್ಟು ಸ್ಪೀಕರನ್ನು
ನೀರಿನ ಡಬ್ಬಿಯೊಳಗೆ ಬಚ್ಚಿಡುತ್ತೇನೆ.

ನವೆಂಬರಿನಲ್ಲಿ ಓಯಿವಾ ತೌರಿಯಾನೆನ್ ಬಂದ,
ಉಣ್ಣೆಯ ಕಾಲುಚೀಲದಲ್ಲಿ ಎಂಜಿನ್ ಸುತ್ತಿಕೊಂಡು.
ಎಂಬತ್ತಮೂರು. ಎರಡು ಕಿವಿಗೂ ಯಂತ್ರ.
ಹತ್ತೊಂಬತ್ತಕ್ಕೇ ಬೆಂಕಿಗೂಡಿಗೆ ಬರ್ಚ್ ಸೌದೆ ಎಸೆಯಲು ನಿಂತವನು.
"ಇದು ಸುಳ್ಳು ಹೇಳುತ್ತದೆ" ಅಂದ.

ಓಡಿಸಿದೆ. ಛಫ್ ಛಫ್ ಛಫ್ ಛಫ್.
ಚಕ್ರದ ಒಂದು ಸುತ್ತಿಗೆ ನಾಲ್ಕು ಉಸಿರು, ಲೆಕ್ಕ ಸರಿ;
ಯಾವುದೋ ಮ್ಯೂಸಿಯಮ್ಮಿನ ಎಂಜಿನ್ನಿನ ಬಾಯಿಗೆ
ಮೈಕು ಹಿಡಿದು ತಂದ ಸದ್ದು.
"ಇಷ್ಟು ಆರೋಗ್ಯ ನಮ್ಮದಕ್ಕೆ ಎಲ್ಲಿಂದ ಬರಬೇಕು?
ಅದು ಮೂರನೆಯದಕ್ಕೆ ಕುಂಟುತ್ತಿತ್ತು."

ಬೆರಳಲ್ಲಿ ಮೇಜು ಬಡಿದು ತೋರಿಸಿದ:
ಧಂ, ಧಂ, ತ್, ಧಂ.
ಯಾರೋ ವಾಲ್ವನ್ನು ಕೂದಲೆಳೆ ತಪ್ಪಿ ಕೂರಿಸಿದ್ದರಂತೆ,
ಡಿಪೋದಲ್ಲಿ ಯಾರೂ ಸರಿ ಮಾಡಲಿಲ್ಲವಂತೆ,
ಇರುಳಲ್ಲಿ ಕೆರೆಯ ಆಚೆ ದಡದಿಂದ ಕೇಳಿಯೇ ಹೆಂಡತಿ
ಕಾಫಿಗೆ ನೀರಿಡುತ್ತಿದ್ದಳಂತೆ.

ನಾಲ್ಕು ಶನಿವಾರ ಹಿಡಿಯಿತು. ಸದ್ದನ್ನು ಸೀಳಿ
ಮೂರನೆಯ ಉಸಿರೊಂದನ್ನೇ ಸವರಿ ಸವರಿ ತಗ್ಗಿಸಿದೆ.
ಅವನು ಕಿವಿಯ ಯಂತ್ರ ತೆಗೆದಿಟ್ಟು
ಪೆನ್ಸಿಲ್ಲಿನ ಒಂದು ತುದಿ ಹಲಗೆಗೆ ಊರಿ
ಇನ್ನೊಂದನ್ನು ಹಲ್ಲಲ್ಲಿ ಕಚ್ಚಿ
ಎಲುಬಿನಲ್ಲಿ ಕೇಳಿದ.
ಹೆಚ್ಚಾಯಿತು. ಸತ್ತೇಹೋಯಿತು. ಹಾಂ. ಅಲ್ಲ. ಹಾಂ.

ಸದ್ದು ಮುಗಿಯಿತು. ಇನ್ನು ವೇಗ.
ಈ ಚಿಪ್ಪಿನೊಳಗೆ ಅಂಕಿಗಳಿಗೆ ಒಂದೊಂದು ಗೂಡು:
ಮೂರನೆಯದರಲ್ಲಿ ಹೊರಡುವ ಸೋಮಾರಿತನ,
ನಾಲ್ಕನೆಯದರಲ್ಲಿ ನಿಲ್ಲಲು ಬೇಕಾದ ಹೊತ್ತು.
ಅಲ್ಲಿ ಸೊನ್ನೆ ಇದ್ದರೆ, ಗುಂಡಿ ತಿರುಗಿಸಿದ್ದೇ ತಡ
ಬೈಸಿಕೊಂಡ ಮಗುವಿನಂತೆ ರೈಲು ಗಪ್ಪನೆ ನಿಲ್ಲುತ್ತದೆ.

ಇಪ್ಪತ್ತು ಬರೆದೆ. "ಸಾಲದು."
ಅರವತ್ತು. "ಬೆನ್ನಿಗೆ ಸಾವಿರ ಟನ್ನು ದಿಮ್ಮಿ ಇದೆ, ಇರ್ಯಾ."
ನೂರಾ ನಲವತ್ತು. ತಲೆ ಅಲ್ಲಾಡಿಸಿದ.
ಇನ್ನೂರ ಐವತ್ತೈದು. ಅದರಾಚೆ ಆ ಗೂಡಿಗೆ ಅಂಕಿಯೇ ಇಲ್ಲ.

ಓಡಿಸುವ ಮುಂಚೆ, ಪ್ರತಿ ಸಲದಂತೆ,
ಲೆವೆಲ್ ಕ್ರಾಸಿಂಗಿನ ಮೇಲೆ ಬಾಗಿದ.
ಅಲ್ಲೊಬ್ಬ ಹೆಂಗಸಿದ್ದಾಳೆ, ಹೆಬ್ಬೆಟ್ಟಿನೆತ್ತರ,
ಕಾಲಲ್ಲಿ ಒದ್ದುಕೊಂಡು ಹೋಗುವ ಜಾರುಗಾಡಿಯ ಮೇಲೆ,
ಕೆಂಪು ಶಾಲು ಹೊದ್ದು. ಶಾಲೆಯ ಹುಡುಗ ಏಲಿ ಬಣ್ಣ ಬಳಿದದ್ದು.
ಅವಳನ್ನು ಎರಡು ಬೆರಳಲ್ಲಿ ಎತ್ತಿ ಅಂಗಿಯ ಜೇಬಿಗೆ ಇಳಿಸಿದ.
ಮುದುಕನ ಕೈ ತಗುಲಿ ಬಿದ್ದಾಳೆಂಬ ಜಾಗ್ರತೆ
ಎಂದುಕೊಂಡಿದ್ದೆ ನಾನು, ನಾಲ್ಕೂ ಶನಿವಾರ.

ಧಂ, ಧಂ, ತ್, ಧಂ. ಕಾಡು ದಾಟಿತು, ಗರಗಸದ ಮಿಲ್ಲು ದಾಟಿತು.
ಉದ್ದನೆಯ ಸಿಳ್ಳು. ಗುಂಡಿ ಸೊನ್ನೆಗೆ.
ಉಸಿರು ನಿಂತಿತು, ಸರಳುಗಳ ಖಣಖಣ ಮಾತ್ರ,
ಬ್ರೇಕಿನ ಕಿರುಚು ಎಳೆಯಾಗಿ ಎದ್ದು
ರೈಲು ಹೋಗುತ್ತಲೇ ಇತ್ತು.
ಕ್ರಾಸಿಂಗು ದಾಟಿ, ಸ್ಟೇಷನ್ನು ದಾಟಿ,
ಗೋಡೆಗೆ ಗೇಣು ಉಳಿದಾಗ
ಬೇಕೋ ಬೇಡವೋ ಎಂಬಂತೆ ನಿಂತಿತು.

ಏಲಿ ನಕ್ಕ: "ಬ್ರೇಕೇ ಇಲ್ಲ, ತಾತ!"
"ಇದೆ" ಅಂದ ಓಯಿವಾ. "ಹಾಕಿದೆ."
ಸ್ವಲ್ಪ ಹೊತ್ತು ಬಿಟ್ಟು,
ಗುಂಡಿಯ ಮೇಲಿನ ಬೆರಳು ತೆಗೆಯದೆ,
"ಹಾಕಿಯೇ ಇದ್ದೇನೆ."

ಅವನು ಹೋದ ಮೇಲೆ ಕಪ್ಪುಗಳನ್ನು ತೊಳೆದೆ.
ಸಂಘದವರಿಗೆ ತಕರಾರು, ಈ ಎಂಜಿನ್ ನಿಲ್ಲುವುದಿಲ್ಲವಂತೆ.
ನಾಲ್ಕನೆಯ ಗೂಡಿಗೆ ನಾನು ಕೈ ಹಾಕಿಲ್ಲ.
"ಆ ಹೆಂಗಸು ಎಲ್ಲಿ?" ಏಲಿ ಹುಡುಕುತ್ತಿದ್ದ.
ಕ್ರಾಸಿಂಗಿನ ಹಿಮದಲ್ಲಿ ಗುಂಡುಸೂಜಿಯ ಎರಡು ತೂತು.
ದಾಟಿದಳು ಕಣೋ, ಅಂದೆ,
ಆಗಲೇ ಮನೆ ಸೇರಿರಬೇಕು.